ಪಿ ಅಲೆ ಬರುವ ಮೊದಲೇ ಕಂಡ ಅಲುಗಾಟ ಎಲ್ಲಿಂದ ಬಂತು?

ಪ್ರಶ್ನೆ: ನಾನು ಭೂವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿನಿ. ಒಂದು ಸಣ್ಣ ಭೂಕಂಪದ 60 ಸೆಕೆಂಡಿನ ದಾಖಲೆ ನನ್ನ ಬಳಿ ಇದೆ. 4.5 ಹರ್ಟ್ಸ್ ಜಿಯೋಫೋನ್ (ನೆಲದ ಕಂಪನವನ್ನು ವೋಲ್ಟೇಜ್ ಆಗಿಸುವ ಉಪಕರಣ), 24 ಬಿಟ್ ಡಿಜಿಟೈಸರ್ (ಆ ವೋಲ್ಟೇಜನ್ನು ಸಂಖ್ಯೆಗಳಾಗಿಸುವ ಯಂತ್ರ), ಸೆಕೆಂಡಿಗೆ 100 ಸ್ಯಾಂಪಲ್. ಎಫ್‌ಎಫ್‌ಟಿ (ದಾಖಲೆಯನ್ನು ಆವೃತ್ತಿಗಳಾಗಿ ಬಿಡಿಸುವ ಲೆಕ್ಕ) ಮಾಡಿದರೆ ಸೊನ್ನೆ ಹರ್ಟ್ಸ್ ಹತ್ತಿರ ಒಂದು ದೊಡ್ಡ ಶಿಖರ ಬಿಟ್ಟರೆ ಬೇರೇನೂ ಕಾಣುವುದಿಲ್ಲ. 1ರಿಂದ 10 ಹರ್ಟ್ಸ್‌ವರೆಗಿನ ಫಿಲ್ಟರ್ ಹಾಕಿದರೆ ಪಿ ಅಲೆ (ಭೂಕಂಪದಿಂದ ಮೊದಲು ತಲುಪುವ ಅಲೆ) 0.3 ಸೆಕೆಂಡ್ ಮುಂಚೆಯೇ ಶುರುವಾದಂತೆ ಕಾಣುತ್ತದೆ. ಸಹಪಾಠಿ ಬೇರೆ ಫಿಲ್ಟರ್ ಹಾಕಿದಾಗ ಅದೇ ಅಲೆ ತಡವಾಗಿ ಬಂತು. ದಾಖಲೆಯನ್ನು ಸ್ಥಾನಪಲ್ಲಟಕ್ಕೆ (ನೆಲ ಎಷ್ಟು ಸರಿಯಿತು ಎಂಬ ಲೆಕ್ಕಕ್ಕೆ) ಬದಲಿಸಿದರೆ ಗೆರೆ ಪರದೆಯಿಂದಲೇ ಆಚೆ ಹೋಗುತ್ತದೆ. ಇವುಗಳಲ್ಲಿ ಯಾವುದನ್ನು ನಂಬಬೇಕು, ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು?

ಉತ್ತರ: ನಿಮ್ಮ ಮೂರು ತೊಂದರೆಗಳಿಗೂ ಬೇರು ಒಂದೇ. ದಾಖಲೆಯ ಮೇಲೆ ನಾವು ನಡೆಸುವ ಪ್ರತಿಯೊಂದು ಲೆಕ್ಕವೂ ತನ್ನದೊಂದು ಗುರುತು ಬಿಟ್ಟು ಹೋಗುತ್ತದೆ, ಮತ್ತು ಆ ಗುರುತು ನೋಡುವುದಕ್ಕೆ ಭೂಮಿಯಿಂದ ಬಂದ ಅಲೆಯ ಹಾಗೆಯೇ ಇರುತ್ತದೆ. ಸೊನ್ನೆಯ ಶಿಖರ, ಮುಂಚೆ ಬಂದ ಪಿ, ತಡವಾಗಿ ಬಂದ ಪಿ, ಪರದೆ ದಾಟಿದ ಗೆರೆ, ಇವು ಯಾವುವೂ ಭೂಕಂಪದ ಕೆಲಸವಲ್ಲ. ಹಾಗಾಗಿ ಯಾವ ಫಿಲ್ಟರ್ ಒಳ್ಳೆಯದು ಎಂಬುದಕ್ಕಿಂತ, ಯಾವ ಹೆಜ್ಜೆ ಯಾವ ಗುರುತು ಬಿಡುತ್ತದೆ ಎಂಬುದನ್ನು ಮೊದಲು ತಿಳಿಯುವುದು ಲೇಸು.

ಎಫ್‌ಎಫ್‌ಟಿಗೆ ಕೈಹಾಕುವ ಮುನ್ನ ಕಚ್ಚಾ ದಾಖಲೆಯನ್ನೇ ದೊಡ್ಡದು ಮಾಡಿ ನೋಡಿ. ಎಫ್‌ಎಫ್‌ಟಿ ಒಂದೇ ಸಾಲಿನ ಆಜ್ಞೆಯಲ್ಲಿ ಮುಗಿಯುವುದರಿಂದ ಎಲ್ಲರೂ ಅಲ್ಲಿಂದಲೇ ಶುರುಮಾಡುತ್ತಾರೆ. ಅರ್ಧ ತೊಂದರೆಗೆ ಅದೇ ಕಾರಣ. ಕಚ್ಚಾ ಗೆರೆಯಲ್ಲಿ ನೋಡಬೇಕಾದದ್ದು ನಾಲ್ಕು. ಶಿಖರಗಳ ತಲೆ ಚಪ್ಪಟೆಯಾಗಿದೆಯೇ? 24 ಬಿಟ್‌ನಲ್ಲಿ ಮೇಲ್ಮಿತಿ 83,88,607 ಕೌಂಟ್ (ಡಿಜಿಟೈಸರ್ ಕೊಡುವ ಸಂಖ್ಯೆಯ ಏಕಮಾನ). ಅದಕ್ಕೆ ಮುಟ್ಟಿದ ಭಾಗದ ಆಂಪ್ಲಿಟ್ಯೂಡ್ (ಅಲೆಯ ಎತ್ತರ) ಆಗಲಿ ಸ್ಪೆಕ್ಟ್ರಮ್ (ಯಾವ ಆವೃತ್ತಿಯಲ್ಲಿ ಎಷ್ಟು ಎಂಬ ಚಿತ್ರ) ಆಗಲಿ ಉಪಯೋಗಕ್ಕೆ ಬರುವುದಿಲ್ಲ. ಜಿಯೋಫೋನ್‌ನ ಸುರುಳಿಯೋ ಆಂಪ್ಲಿಫೈಯರೋ ಅದಕ್ಕೂ ಮೊದಲೇ ತನ್ನ ಮಿತಿ ತಲುಪಿರಬಹುದು, ಆದ್ದರಿಂದ ಸಂಖ್ಯೆಯ ಜೊತೆಗೆ ಆಕಾರವನ್ನೂ ನೋಡಿ. ನಡುವೆ ಒಂದೇ ಸ್ಯಾಂಪಲ್‌ನ ಮೊನೆಗಳಿವೆಯೇ? ಫಿಲ್ಟರ್ ಹಾಕಿದ ಮೇಲೆ ಅಂಥ ಮೊನೆ ಚೆಂದದ ಪುಟ್ಟ ಭೂಕಂಪದಂತೆ ಕಾಣುತ್ತದೆ. ದಾಖಲೆ ನಡುವೆ ತುಂಡಾಗಿದೆಯೇ? ತಂತ್ರಾಂಶ ಆ ಖಾಲಿ ಜಾಗವನ್ನು ಸೊನ್ನೆಯಿಂದ ತುಂಬಿದ್ದರೆ ಎರಡೂ ಅಂಚಿನಲ್ಲಿ ಮೆಟ್ಟಿಲು ಬೀಳುತ್ತದೆ, ಫಿಲ್ಟರ್ ಆ ಮೆಟ್ಟಿಲನ್ನು ಅಲೆಗಳ ಸಾಲಾಗಿ ಮಾಡಿಬಿಡುತ್ತದೆ. ಕೊನೆಯದು ಸಮಯ. ಜಿಪಿಎಸ್ ಸಂಪರ್ಕ ತಪ್ಪಿದ ಗಡಿಯಾರ ಹತ್ತು ಲಕ್ಷಕ್ಕೆ ಒಂದು ಪಾಲಿನಷ್ಟೇ ತಪ್ಪಿದರೂ ದಿನಕ್ಕೆ 0.086 ಸೆಕೆಂಡ್ ಜಾರುತ್ತದೆ. ಮೂರು ದಿನ ಸಂಪರ್ಕವಿಲ್ಲದಿದ್ದರೆ ಕಾಲು ಸೆಕೆಂಡ್ ಹೋಯಿತು, ಫಿಲ್ಟರ್ ಬಗ್ಗೆ ನಡೆಸುವ ಚರ್ಚೆಯೆಲ್ಲ ಆಮೇಲಿನ ಮಾತು.

ಈಗ ಸೊನ್ನೆಯ ಶಿಖರ. ಡಿಜಿಟೈಸರ್‌ಗೆ ಏನೂ ಬಾರದಿದ್ದಾಗಲೂ ಅದು ಸರಿಯಾಗಿ ಸೊನ್ನೆ ತೋರಿಸುವುದಿಲ್ಲ. ಮೇಲೋ ಕೆಳಗೋ ಒಂದು ಸ್ಥಿರ ಅಂತರ ಇದ್ದೇ ಇರುತ್ತದೆ. ಅದು 3000 ಕೌಂಟ್, ನಿಮ್ಮ ಭೂಕಂಪ 200 ಕೌಂಟ್ ಎಂದುಕೊಳ್ಳಿ. 60 ಸೆಕೆಂಡಿಗೆ 6000 ಸ್ಯಾಂಪಲ್. ಎಫ್‌ಎಫ್‌ಟಿಯ ಮೊದಲ ಸಂಖ್ಯೆ ಎಂದರೆ ಎಲ್ಲ ಸ್ಯಾಂಪಲ್‌ಗಳ ಮೊತ್ತ: 6000 ಗುಣಿಸು 3000, ಅಂದರೆ 1 ಕೋಟಿ 80 ಲಕ್ಷ. 200 ಕೌಂಟ್‌ನ ಒಂದೇ ಆವೃತ್ತಿಯ ಅಲೆ ದಾಖಲೆಯ ಉದ್ದಕ್ಕೂ ನಿಂತಿದ್ದರೂ ಅದರ ಶಿಖರ 6 ಲಕ್ಷ ದಾಟುವುದಿಲ್ಲ. ನಿಜವಾದ ಭೂಕಂಪ ಹತ್ತಾರು ಸೆಕೆಂಡಿನಲ್ಲಿ ಮುಗಿದು, ಶಕ್ತಿಯನ್ನು ನೂರಾರು ಆವೃತ್ತಿಗಳಿಗೆ ಹಂಚಿಬಿಡುವುದರಿಂದ ಇನ್ನೂ ಕೆಳಗಿರುತ್ತದೆ. ನಿಮಗೆ ಬೇರೇನೂ ಕಾಣದಿದ್ದುದರಲ್ಲಿ ಆಶ್ಚರ್ಯವಿಲ್ಲ. ಸರಾಸರಿಯನ್ನು ಕಳೆಯಿರಿ, ಅದರ ಜೊತೆಗೆ ನೇರ ಗೆರೆಯ ಇಳಿಜಾರನ್ನೂ ಕಳೆಯಿರಿ.

ಇಳಿಜಾರು ಕಳೆಯುವುದಕ್ಕೆ ಇನ್ನೊಂದು ಕಾರಣವಿದೆ. ಕೊಟ್ಟ ತುಣುಕು ಕೊನೆಯಿಲ್ಲದೆ ಮರುಕಳಿಸುತ್ತಲೇ ಇರುತ್ತದೆ ಎಂದು ಎಫ್‌ಎಫ್‌ಟಿ ಎಣಿಸುತ್ತದೆ. ತುಣುಕಿನ ಕೊನೆಯ ಮತ್ತು ಮೊದಲ ಸ್ಯಾಂಪಲ್ ಒಂದೇ ಮಟ್ಟದಲ್ಲಿ ಇರದಿದ್ದರೆ, ಅದರ ಪಾಲಿಗೆ ಅಲ್ಲೊಂದು ಜಿಗಿತ; ಆ ಜಿಗಿತದ ಶಕ್ತಿ ಎಲ್ಲ ಆವೃತ್ತಿಗಳಿಗೂ ಸೋರುತ್ತದೆ. ಇದಕ್ಕಾಗಿಯೇ ಎರಡೂ ತುದಿಗಳನ್ನು ಮೆಲ್ಲಗೆ ಸೊನ್ನೆಗಿಳಿಸುವ ಟೇಪರ್ ಹಾಕುವುದು. ಟೇಪರ್ ಹಾಕದೆ ಸುಮ್ಮನೆ ಕತ್ತರಿಸಿದ ತುಣುಕಿನಲ್ಲಿ ನಿಜವಾದ ಶಿಖರದ ಪಕ್ಕದ ಮರಿಶಿಖರ ಬರೀ 13 ಡೆಸಿಬೆಲ್ ಕೆಳಗಿರುತ್ತದೆ. ಹಾನ್ ಕಿಟಕಿ ಎಂಬ ಟೇಪರ್ ಹಾಕಿದರೆ ಅದು 31 ಡೆಸಿಬೆಲ್‌ಗೂ ಕೆಳಗಿಳಿಯುತ್ತದೆ, ಬದಲಿಗೆ ಮುಖ್ಯ ಶಿಖರ ದುಪ್ಪಟ್ಟು ಅಗಲವಾಗುತ್ತದೆ. ಪೂರ್ತಿ ದಾಖಲೆಗೆ ಸಾಮಾನ್ಯವಾಗಿ ಪ್ರತಿ ತುದಿಯಲ್ಲಿ ಶೇ. 5ರ ಕೊಸೈನ್ ಟೇಪರ್ ಸಾಕು. ಆದರೆ 60 ಸೆಕೆಂಡಿಗೆ ಶೇ. 5 ಎಂದರೆ 3 ಸೆಕೆಂಡ್. ನಿಮ್ಮ ಪಿ ಅಲೆ ಮೊದಲ 3 ಸೆಕೆಂಡಿನೊಳಗೆ ಇದ್ದರೆ ನೀವೇ ಅದನ್ನು ಅಳಿಸಿದಂತೆ. ದಾಖಲೆಯನ್ನು ಕತ್ತರಿಸುವಾಗಲೇ ಪಿ ಅಲೆಗೆ ಮೊದಲು ಕನಿಷ್ಠ 30 ಸೆಕೆಂಡ್, ಸಾಧ್ಯವಿದ್ದರೆ ಒಂದು ನಿಮಿಷ ಬಿಡಿ. ಭೂಕಂಪವಿಲ್ಲದ ಆ ಗದ್ದಲದ ಭಾಗ ಮುಂದೆ ಬೇಕಾಗುತ್ತದೆ.

ಸರಾಸರಿ, ಇಳಿಜಾರು, ಟೇಪರ್, ಆಮೇಲೆ ಫಿಲ್ಟರ್. ಈ ಕ್ರಮ ತಿರುವುಮುರುವಾದರೆ 3000 ಕೌಂಟ್‌ನ ಸ್ಥಿರ ಅಂತರ ಟೇಪರ್‌ನ ಕೈಗೆ ಸಿಕ್ಕು ದೊಡ್ಡ ದಿಬ್ಬವಾಗುತ್ತದೆ, ಅಥವಾ ಫಿಲ್ಟರ್ ಮೊದಲ ಸ್ಯಾಂಪಲ್‌ನಲ್ಲೇ 3000 ಕೌಂಟ್‌ನ ಮೆಟ್ಟಿಲು ಕಂಡು ಹಲವು ಸೆಕೆಂಡ್ ಓಲಾಡುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಪಿ ಅಲೆಯ ಸಮಯ. ಫಿಲ್ಟರ್‌ಗಳಲ್ಲಿ ಎರಡು ಜಾತಿ. ಒಂದು ಕಾಲದ ದಿಕ್ಕಿನಲ್ಲಿ ಮಾತ್ರ ನಡೆಯುತ್ತದೆ: ಈ ಕ್ಷಣದ ಫಲಿತಕ್ಕೆ ಈ ಕ್ಷಣದ ಮತ್ತು ಹಿಂದಿನ ಸ್ಯಾಂಪಲ್‌ಗಳನ್ನಷ್ಟೇ ಬಳಸುತ್ತದೆ. ಇನ್ನೊಂದು ದಾಖಲೆಯನ್ನು ಒಮ್ಮೆ ಮುಂದಕ್ಕೆ, ಮತ್ತೊಮ್ಮೆ ಹಿಂದಕ್ಕೆ ಓಡಿಸುತ್ತದೆ. ಫೇಸ್ ಬದಲಾವಣೆ, ಅಂದರೆ ಅಲೆಯ ಏರಿಳಿತ ಕಾಲದಲ್ಲಿ ಸರಿಯುವುದು, ಒಂದಕ್ಕೊಂದು ರದ್ದಾಗುವುದರಿಂದ ಇದನ್ನು ಸೊನ್ನೆ ಫೇಸ್ ಫಿಲ್ಟರ್ ಎನ್ನುತ್ತಾರೆ. ಪೈಥಾನ್‌ನ ಲೆಕ್ಕದ ತಂತ್ರಾಂಶ ಸೈಪೈನಲ್ಲಿ ಫಿಲ್ಟ್‌ಫಿಲ್ಟ್ ಎಂಬ ಹೆಸರಿನಲ್ಲಿ, ಭೂಕಂಪ ದಾಖಲೆಗಳ ತಂತ್ರಾಂಶ ಆಬ್ಸ್‌ಪೈನಲ್ಲಿ ಜೀರೋಫೇಸ್ ಎಂಬ ಆಯ್ಕೆಯಲ್ಲಿ ಸಿಗುವುದು ಇದೇ. ನಿಮ್ಮದು ಎರಡನೆಯ ಜಾತಿ, ಸಹಪಾಠಿಯದು ಮೊದಲನೆಯದು ಎಂದು ಲಕ್ಷಣ ನೋಡಿಯೇ ಹೇಳಬಹುದು.

ಸೊನ್ನೆ ಫೇಸ್ ಫಿಲ್ಟರ್ ಹಿಂದಕ್ಕೆ ಓಡುವಾಗ ಪಿ ಅಲೆಯ ಶಕ್ತಿಯನ್ನು ಅದಕ್ಕೂ ಹಿಂದಿನ ಸಮಯಕ್ಕೆ ಹರಡುತ್ತದೆ. ಅಲೆಯ ಶಿಖರಗಳು ತಮ್ಮ ಜಾಗದಲ್ಲೇ ನಿಲ್ಲುತ್ತವೆ, ಆದರೆ ಮೊದಲ ಅಲುಗಾಟ ನಿಜಕ್ಕಿಂತ ಮುಂಚೆ ಕಾಣುತ್ತದೆ. ಕೆಳಮಿತಿ 1 ಹರ್ಟ್ಸ್ ಆಗಿದ್ದರೆ ಈ ಹರಡುವಿಕೆ ಒಂದು ಸೆಕೆಂಡಿನ ಆಸುಪಾಸಿನವರೆಗೂ ಹೋಗಬಹುದು, ನಿಮ್ಮ 0.3 ಸೆಕೆಂಡ್ ಅದರೊಳಗೇ ಇದೆ. ಮೊದಲ ಚಲನೆ ಮೇಲಕ್ಕೋ ಕೆಳಕ್ಕೋ ಎಂಬುದನ್ನೂ ಇದು ತಿರುಚುತ್ತದೆ, ಏಕೆಂದರೆ ಹೀಗೆ ಮುಂಚೆ ಕಾಣುವ ಅಲುಗಾಟ ಎಷ್ಟೋ ಸಲ ನಿಜವಾದ ಮೊದಲ ಚಲನೆಗೆ ವಿರುದ್ಧ ದಿಕ್ಕಿನಲ್ಲಿರುತ್ತದೆ. ಭೂಕಂಪದ ಬಿರುಕು ಯಾವ ರೀತಿ ಜಾರಿತು ಎಂದು ತಿಳಿಯಲು ಮೊದಲ ಚಲನೆಯ ದಿಕ್ಕನ್ನೇ ಬಳಸುವವರಿಗೆ ಇದು ಸಣ್ಣ ದೋಷವಲ್ಲ. ಜೊತೆಗೆ ಎರಡು ಸಲ ಓಡಿಸಿದ್ದರಿಂದ ಫಿಲ್ಟರ್‌ನ ದರ್ಜೆಯೂ (ಅದು ಎಷ್ಟು ಕಡಿದಾಗಿ ಕತ್ತರಿಸುತ್ತದೆ ಎಂಬ ಅಳತೆ) ದುಪ್ಪಟ್ಟಾಗುತ್ತದೆ, ಅಂಚಿನ ಆವೃತ್ತಿಯಲ್ಲಿ 3 ಡೆಸಿಬೆಲ್ ಬದಲು 6 ಡೆಸಿಬೆಲ್ ಇಳಿತ. ವರದಿಯಲ್ಲಿ ನಾಲ್ಕನೆಯ ದರ್ಜೆ ಎಂದು ಬರೆದು ಎಂಟನೆಯ ದರ್ಜೆಯ ಕೆಲಸ ಮಾಡಿರುವವರು ಬಹಳ ಮಂದಿ.

ಕಾಲದ ದಿಕ್ಕಿನ ಫಿಲ್ಟರ್ ಇದರ ತದ್ವಿರುದ್ಧ. ಅಲೆ ಬರುವ ಮುನ್ನ ಅದು ಏನನ್ನೂ ಹುಟ್ಟಿಸಲಾರದು. ಆ ಒಂದು ವಿಷಯದಲ್ಲಿ ಅದನ್ನು ಪೂರ್ತಿ ನಂಬಬಹುದು. ಆದರೆ ಶಿಖರಗಳನ್ನು ತಡಮಾಡುತ್ತದೆ, ಚೂಪಾದ ಆರಂಭವನ್ನು ಮೊಂಡಾಗಿಸುತ್ತದೆ. 4 ಪೋಲ್‌ನ (ಅಂದರೆ ನಾಲ್ಕನೆಯ ದರ್ಜೆಯ) ಬಟರ್‌ವರ್ತ್ ಲೋಪಾಸ್ ಫಿಲ್ಟರ್, ತಾನು ಬಿಡುವ ಕೆಳ ಆವೃತ್ತಿಗಳನ್ನು ಎಷ್ಟು ತಡಮಾಡುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ: 2.6 ಅನ್ನು, 6.28 ಗುಣಿಸು ಅಂಚಿನ ಆವೃತ್ತಿಯಿಂದ ಭಾಗಿಸಿ. ಅಂಚು 10 ಹರ್ಟ್ಸ್ ಆದರೆ 0.04 ಸೆಕೆಂಡ್, 2 ಹರ್ಟ್ಸ್ ಆದರೆ 0.2 ಸೆಕೆಂಡ್. ಪಿ ಅಲೆ ಸೆಕೆಂಡಿಗೆ 6 ಕಿ.ಮೀ. ಓಡುವ ಕಲ್ಲಿನಲ್ಲಿ 0.2 ಸೆಕೆಂಡ್ ಎಂದರೆ 1.2 ಕಿ.ಮೀ. ಸಣ್ಣ ಭೂಕಂಪದ ಕೇಂದ್ರ ಹುಡುಕುವಾಗ ಇದು ದೊಡ್ಡ ಅಂತರವೇ.

ಹಾಗಾದರೆ ಮಾಡುವುದೇನು? ಸಮಯ ಗುರುತಿಸಲು ಕಚ್ಚಾ ಗೆರೆಯೇ ಮೊದಲ ಆಯ್ಕೆ. ಗದ್ದಲದಲ್ಲಿ ಆರಂಭ ಕಾಣದಿದ್ದರೆ ಕಾಲದ ದಿಕ್ಕಿನ ಫಿಲ್ಟರ್, ಅದೂ 2 ಪೋಲ್‌ನದು, ಸಾಧ್ಯವಾದಷ್ಟು ಅಗಲದ ಪಟ್ಟಿಯೊಂದಿಗೆ. ಬರೀ 1 ಹರ್ಟ್ಸ್ ಹೈಪಾಸ್ (ಅದಕ್ಕಿಂತ ಮೇಲಿನ ಆವೃತ್ತಿಗಳನ್ನು ಮಾತ್ರ ಬಿಡುವ ಫಿಲ್ಟರ್) ಸಾಕಾಗುವುದೂ ಉಂಟು. ದಾಖಲೆ ಮಾಡುವ ಎಲ್ಲ ಕೇಂದ್ರಗಳಿಗೂ ಅದೇ ಫಿಲ್ಟರ್ ಇರಲಿ, ಆಗ ತಡ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಆಗುತ್ತದೆ. ಗುರುತು ಹಾಕಿದ ಮೇಲೆ ಫಿಲ್ಟರ್ ತೆಗೆದು ಕಚ್ಚಾ ಗೆರೆಯ ಮೇಲೆ ಆ ಗುರುತು ಎಲ್ಲಿ ಬಿತ್ತು ನೋಡಿ. ಶಿಖರಗಳ ಎತ್ತರ ಅಳೆಯಲು, ಎರಡು ಕೇಂದ್ರಗಳ ಅಲೆರೂಪ ಹೋಲಿಸಲು, ಮಾದರಿ ಅಲೆಯೊಂದಿಗೆ ತಾಳೆ ನೋಡಲು ಸೊನ್ನೆ ಫೇಸ್ ಫಿಲ್ಟರ್ ಒಳ್ಳೆಯದು. ಆರಂಭದ ಸಮಯಕ್ಕೆ ಮಾತ್ರ ಅದು ಬೇಡ.

ನನ್ನ ಮಾತನ್ನು ಹಾಗೆಯೇ ಒಪ್ಪಬೇಕಿಲ್ಲ, ಹತ್ತು ನಿಮಿಷದಲ್ಲಿ ನೀವೇ ಪರೀಕ್ಷಿಸಬಹುದು. 6000 ಸೊನ್ನೆಗಳ ಒಂದು ಸಾಲು ಮಾಡಿ, 3000ನೇ ಜಾಗದಲ್ಲಿ ಮಾತ್ರ 1 ಇಡಿ. ನಿಮ್ಮ ದಾಖಲೆಗೆ ಹಾಕಿದ ಅದೇ ಫಿಲ್ಟರ್ ಅನ್ನು ಅದಕ್ಕೆ ಹಾಕಿ, 2900ರಿಂದ 3100ರವರೆಗಿನ ಭಾಗವನ್ನು ದೊಡ್ಡದು ಮಾಡಿ ನೋಡಿ. ಸೊನ್ನೆ ಫೇಸ್ ಆಗಿದ್ದರೆ 3000ರ ಎಡಕ್ಕೂ ಬಲಕ್ಕೂ ಒಂದೇ ಅಳತೆಯ ಏರಿಳಿತ: ನಡುವೆ ಎತ್ತರದ ಶಿಖರ, ಇಕ್ಕೆಲದಲ್ಲಿ ಕೆಳಮುಖದ ತಗ್ಗು. ಎಡಗಡೆಯದು ಇನ್ನೂ ಬಾರದ ಘಟನೆಯ ದಾಖಲೆ! ಮೊದಲ ಚಲನೆ ಮೇಲಕ್ಕಿದ್ದರೂ ಕೆಳಕ್ಕೆ ಕಾಣುವುದೇಕೆ ಎಂಬುದಕ್ಕೆ ಆ ಎಡಗಡೆಯ ತಗ್ಗೇ ಉತ್ತರ. ಕಾಲದ ದಿಕ್ಕಿನ ಫಿಲ್ಟರ್‌ನಲ್ಲಿ 3000ದವರೆಗೆ ಗೆರೆ ನೇರ, ಶಿಖರ ಕೆಲವು ಸ್ಯಾಂಪಲ್ ಬಲಕ್ಕೆ, ಆಮೇಲೆ ಉದ್ದದ ಬಾಲ. ಈ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನಿಮ್ಮ ದಾಖಲೆಯನ್ನು ಮತ್ತೆ ನೋಡಿ.

ಒಂದು ಎಚ್ಚರಿಕೆ: ಫಿಲ್ಟರ್ ಹಾಕದ ಕಚ್ಚಾ ಗೆರೆಯಲ್ಲೂ ಕೆಲವೊಮ್ಮೆ ಚೂಪಾದ ಪಿ ಅಲೆಗೆ ಮುಂಚೆ ಸಣ್ಣ ಜುಮುಗುಟ್ಟುವಿಕೆ ಕಾಣುತ್ತದೆ. ಇಂದಿನ ಡಿಜಿಟೈಸರ್‌ಗಳು ಒಳಗೆ ಬಹಳ ವೇಗವಾಗಿ ಸ್ಯಾಂಪಲ್ ಮಾಡಿ, ಡಿಜಿಟಲ್ ಫಿಲ್ಟರ್ ಮೂಲಕ ಸೆಕೆಂಡಿಗೆ 100ಕ್ಕೆ ಇಳಿಸುತ್ತವೆ. ಆ ಒಳಗಿನ ಫಿಲ್ಟರ್ ಎಷ್ಟೋ ಯಂತ್ರಗಳಲ್ಲಿ ಎರಡೂ ಬದಿಗೆ ಸಮನಾಗಿ ಹರಡುವ ಜಾತಿಯದು. ಗುರುತಿಸುವುದು ಸುಲಭ: ಆ ಜುಮುಗುಟ್ಟುವಿಕೆಯ ಆವೃತ್ತಿ 40 ಹರ್ಟ್ಸ್ ಮೇಲೆ, ಅಂದರೆ ಸ್ಯಾಂಪಲ್ ದರದ ಅರ್ಧದ ಹತ್ತಿರ ಇರುತ್ತದೆ, ಮತ್ತು ಆರಂಭ ತೀರಾ ಚೂಪಾಗಿದ್ದಾಗ ಮಾತ್ರ ಬರುತ್ತದೆ. ಡಿಜಿಟೈಸರ್‌ನಲ್ಲಿ ಮಿನಿಮಮ್ ಫೇಸ್ (ಅಲೆಗೆ ಮುಂಚೆ ಏನನ್ನೂ ಹರಡದ ಜಾತಿ) ಎಂಬ ಆಯ್ಕೆ ಇದ್ದರೆ ಮುಂದಿನ ದಾಖಲೆಗಳಿಗೆ ಅದನ್ನು ಆರಿಸಬಹುದು.

ಸ್ಯಾಂಪಲ್ ದರದ ಅರ್ಧ ಎಂದೆ. ಸೆಕೆಂಡಿಗೆ 100 ಸ್ಯಾಂಪಲ್ ಇದ್ದರೆ 50 ಹರ್ಟ್ಸ್ ನಿಮ್ಮ ಮೇಲ್ಮಿತಿ. ಇದಕ್ಕೆ ನೈಕ್ವಿಸ್ಟ್ ಆವೃತ್ತಿ ಎಂದು ಹೆಸರು. ಅದಕ್ಕಿಂತ ಮೇಲಿನದು ಮಾಯವಾಗದೆ ವೇಷ ಬದಲಿಸಿ ಕೆಳಗೆ ಬರುತ್ತದೆ: 70 ಹರ್ಟ್ಸ್‌ನ ಪಂಪಿನ ಕಂಪನ 30 ಹರ್ಟ್ಸ್ ಆಗಿ ಕಾಣುತ್ತದೆ. ಒಳ್ಳೆಯ ಡಿಜಿಟೈಸರ್ ಇದನ್ನು ತಾನೇ ತಡೆಯುತ್ತದೆ. ಆದರೆ ಫೈಲ್ ಚಿಕ್ಕದಾಗಲೆಂದು ನೀವು ಪ್ರತಿ ಐದನೇ ಸ್ಯಾಂಪಲ್ ಮಾತ್ರ ಇಟ್ಟುಕೊಂಡರೆ ದರ 20ಕ್ಕೆ, ಮಿತಿ 10 ಹರ್ಟ್ಸ್‌ಗೆ ಇಳಿಯುತ್ತದೆ. 12 ಹರ್ಟ್ಸ್‌ನಲ್ಲಿದ್ದದ್ದು 8 ಹರ್ಟ್ಸ್‌ಗೆ ಬಂದು ಕೂರುತ್ತದೆ, ಆಮೇಲೆ ಯಾವ ಉಪಾಯದಿಂದಲೂ ಅದನ್ನು ಬೇರ್ಪಡಿಸಲಾಗದು. ಮೊದಲು 8 ಹರ್ಟ್ಸ್ ಲೋಪಾಸ್ ಹಾಕಿ, ಆಮೇಲೆ ಸ್ಯಾಂಪಲ್ ಬಿಡಿ.

ಸ್ಥಾನಪಲ್ಲಟದ ವಿಷಯಕ್ಕೆ ಬರೋಣ. ಕೌಂಟ್‌ನಿಂದ ನೆಲದ ವೇಗಕ್ಕೆ ಹೋಗುವುದು ಬರೀ ಭಾಗಾಕಾರ. 40 ವೋಲ್ಟ್ ವ್ಯಾಪ್ತಿಯ 24 ಬಿಟ್ ಡಿಜಿಟೈಸರ್‌ನಲ್ಲಿ ಒಂದು ಕೌಂಟ್ ಎಂದರೆ ಸುಮಾರು 2.4 ಮೈಕ್ರೋವೋಲ್ಟ್. ಜಿಯೋಫೋನ್ ಸೆಕೆಂಡಿಗೆ ಒಂದು ಮೀಟರ್ ವೇಗಕ್ಕೆ 28.8 ವೋಲ್ಟ್ ಕೊಡುವುದಾದರೆ ಒಂದು ಕೌಂಟ್ ಸೆಕೆಂಡಿಗೆ 83 ನ್ಯಾನೋಮೀಟರ್. ಡಿಜಿಟೈಸರ್‌ಗೆ ಮುಂಚೆ 32 ಪಟ್ಟು ಗೇನ್ (ವರ್ಧನೆ) ಇದ್ದರೆ 2.6 ನ್ಯಾನೋಮೀಟರ್. ನಿಮ್ಮ ಉಪಕರಣದ ಅಂಕಿಗಳನ್ನು ಅದರ ಮಾಹಿತಿಪತ್ರದಿಂದಲೇ ತೆಗೆದುಕೊಳ್ಳಿ, ಗೇನ್ ಮರೆತರೆ ಉತ್ತರ 32 ಪಟ್ಟು ತಪ್ಪುತ್ತದೆ. ಆದರೆ ಈ ಭಾಗಾಕಾರ 4.5 ಹರ್ಟ್ಸ್‌ಗಿಂತ ಸಾಕಷ್ಟು ಮೇಲೆ ಮಾತ್ರ ಸರಿ. ಡ್ಯಾಂಪಿಂಗ್ (ಸುರುಳಿಯ ಓಲಾಟವನ್ನು ತಡೆಯುವ ಪ್ರಮಾಣ) 0.7 ಇದ್ದಾಗ 4.5 ಹರ್ಟ್ಸ್‌ನಲ್ಲೇ ಜಿಯೋಫೋನ್ ನಿಜದ ಶೇ. 71ರಷ್ಟನ್ನು ಮಾತ್ರ ತೋರಿಸುತ್ತದೆ, ಫೇಸ್ 90 ಡಿಗ್ರಿ ತಿರುಗಿರುತ್ತದೆ. ಅಲ್ಲಿಂದ ಕೆಳಕ್ಕೆ ಆವೃತ್ತಿ ಅರ್ಧವಾದಂತೆ ಫಲಿತ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. 0.45 ಹರ್ಟ್ಸ್‌ನಲ್ಲಿ ನೂರರಲ್ಲಿ ಒಂದು ಪಾಲು, 0.1 ಹರ್ಟ್ಸ್‌ನಲ್ಲಿ ಎರಡು ಸಾವಿರದಲ್ಲಿ ಒಂದು ಪಾಲು.

ಉಪಕರಣದ ಪ್ರಭಾವ ತೆಗೆಯುವ ಆಜ್ಞೆ ಕೊಟ್ಟಾಗ ತಂತ್ರಾಂಶ ಈ ಇಳಿತವನ್ನು ತುಂಬಿಕೊಡುತ್ತದೆ, ಅಂದರೆ 0.1 ಹರ್ಟ್ಸ್‌ನಲ್ಲಿ ಏನಿದ್ದರೂ ಎರಡು ಸಾವಿರದಿಂದ ಗುಣಿಸುತ್ತದೆ. ವೇಗದಿಂದ ಸ್ಥಾನಪಲ್ಲಟಕ್ಕೆ ಹೋಗುವಾಗ ಪ್ರತಿ ಆವೃತ್ತಿಯನ್ನೂ ಅದೇ ಆವೃತ್ತಿಯಿಂದ ಭಾಗಿಸಬೇಕಾದ್ದರಿಂದ ಕೆಳ ಆವೃತ್ತಿಗೆ ಮತ್ತೊಂದು ವರ್ಧನೆ. ಎರಡೂ ಸೇರಿ, 5 ಹರ್ಟ್ಸ್‌ಗೆ ಹೋಲಿಸಿದರೆ 0.1 ಹರ್ಟ್ಸ್‌ನಲ್ಲಿರುವುದು ಸುಮಾರು 80 ಸಾವಿರ ಪಟ್ಟು ಹಿಗ್ಗುತ್ತದೆ. ಅಲ್ಲಿ ಇದ್ದದ್ದಾದರೂ ಏನು? ಆಂಪ್ಲಿಫೈಯರ್‌ನ ಗದ್ದಲ, ಬಿಸಿಲಿಗೆ ಪೆಟ್ಟಿಗೆ ಕಾದಾಗಿನ ಜಾರುವಿಕೆ. ನಿಮ್ಮ ಗೆರೆಯನ್ನು ಪರದೆಯಾಚೆ ಒಯ್ದದ್ದು ಅದೇ. ವೇಗೋತ್ಕರ್ಷಮಾಪಕದಲ್ಲೂ ಇದೇ ಕತೆ: ಸೆಕೆಂಡಿಗೆ ಸೆಕೆಂಡಿಗೆ 1 ಮಿಲಿಮೀಟರ್‌ನಷ್ಟು ಸ್ಥಿರ ಅಂತರ ಉಳಿದುಬಿಟ್ಟರೆ, ಎರಡು ಸಲ ಇಂಟಿಗ್ರೇಟ್ ಮಾಡಿದ 60 ಸೆಕೆಂಡಿನ ಕೊನೆಗೆ ನೆಲ 1.8 ಮೀಟರ್ ಸರಿದಿದೆ ಎಂದು ಲೆಕ್ಕ ಹೇಳುತ್ತದೆ.

ಆದ್ದರಿಂದ ಉಪಕರಣದ ಪ್ರಭಾವ ತೆಗೆಯುವಾಗಲೇ ಪಟ್ಟಿಯ ಎರಡೂ ಅಂಚು ಕಟ್ಟಬೇಕು. ಆಬ್ಸ್‌ಪೈ ಇದಕ್ಕೆ ನಾಲ್ಕು ಆವೃತ್ತಿಗಳನ್ನು ಕೇಳುತ್ತದೆ. ನಿಮ್ಮ ದಾಖಲೆಗೆ 0.5, 1, 35, 45 ಹರ್ಟ್ಸ್‌ನಿಂದ ಶುರುಮಾಡಿ: 1ರಿಂದ 35ರವರೆಗೆ ಪೂರ್ತಿ ಬಿಡುತ್ತದೆ, 0.5ರ ಕೆಳಗೆ ಮತ್ತು 45ರ ಮೇಲೆ ಪೂರ್ತಿ ಮುಚ್ಚುತ್ತದೆ. ಇದೂ ಸೊನ್ನೆ ಫೇಸ್ ಜಾತಿಯದೇ, ಹಾಗಾಗಿ ಇದಾದ ಮೇಲಿನ ಗೆರೆಯಲ್ಲಿ ಪಿ ಸಮಯ ಗುರುತಿಸಬೇಡಿ. 1 ಹರ್ಟ್ಸ್ ಸರಿಯೇ, 2 ಬೇಕೇ ಎಂದು ತೀರ್ಮಾನಿಸಲು ಮೊದಲೇ ಉಳಿಸಿಕೊಂಡ ಗದ್ದಲದ ಭಾಗ ಬೇಕು. ಪಿಗೆ ಮುಂಚಿನ 20 ಸೆಕೆಂಡ್ ಮತ್ತು ಭೂಕಂಪದ 20 ಸೆಕೆಂಡ್, ಒಂದೇ ಉದ್ದ, ಒಂದೇ ಟೇಪರ್, ಎರಡರ ಸ್ಪೆಕ್ಟ್ರಮ್ ಅನ್ನು ಒಂದೇ ಚಿತ್ರದಲ್ಲಿ ಲಾಗ್ ಅಳತೆಯಲ್ಲಿ ಬರೆಯಿರಿ. ಭೂಕಂಪದ ಗೆರೆ ಗದ್ದಲದ ಗೆರೆಗಿಂತ ಮೂರು ಪಟ್ಟಾದರೂ ಮೇಲಿರುವ ಭಾಗವಷ್ಟೇ ನಿಮ್ಮದು. ಇಷ್ಟಾದ ಮೇಲೆ ಗದ್ದಲದ ಭಾಗವನ್ನೂ ಅದೇ ಹೆಜ್ಜೆಗಳ ಮೂಲಕ ಸ್ಥಾನಪಲ್ಲಟಕ್ಕೆ ಬದಲಿಸಿ ನೋಡಿ. ಭೂಕಂಪದ ಗೆರೆಯಲ್ಲಿ ಕಂಡ ದೊಡ್ಡ ದಿಬ್ಬ ಗದ್ದಲದಲ್ಲೂ ಅದೇ ಗಾತ್ರದಲ್ಲಿ ಎದ್ದರೆ ಅದು ನೆಲದ ಚಲನೆಯಲ್ಲ. 1 ಹರ್ಟ್ಸ್‌ಗಿಂತ ಕೆಳಗಿನ ಸ್ಥಾನಪಲ್ಲಟ ನಿಜಕ್ಕೂ ಬೇಕಾದರೆ ಈ ಜಿಯೋಫೋನ್‌ನಿಂದ ಆಗದು, ಹತ್ತಿರದ ಬ್ರಾಡ್‌ಬ್ಯಾಂಡ್ (ತೀರಾ ಕೆಳಗಿನ ಆವೃತ್ತಿಗಳನ್ನೂ ಅಳೆಯುವ) ಕೇಂದ್ರದ ದಾಖಲೆ ಹುಡುಕಿ. ಅದರ ಸ್ಪೆಕ್ಟ್ರಮ್‌ನಲ್ಲಿ 5ರಿಂದ 8 ಸೆಕೆಂಡ್ ಅವಧಿಯ ಸುತ್ತ ಒಂದು ಗುಡ್ಡ ಸದಾ ಇರುತ್ತದೆ. ಅದು ಸಮುದ್ರದ ಅಲೆಗಳು ನೆಲಕ್ಕೆ ಕೊಡುವ ಕಂಪನ, ಭೂಕಂಪದ್ದಲ್ಲ.

ಬ್ರಾಡ್‌ಬ್ಯಾಂಡ್ ದಾಖಲೆಗೆ 0.01ರಿಂದ 0.1 ಹರ್ಟ್ಸ್‌ನಂಥ ತೀರಾ ಕೆಳಗಿನ ಪಟ್ಟಿ ಹಾಕುವಾಗ ಒಮ್ಮೊಮ್ಮೆ ಫಲಿತ ಅನಂತಕ್ಕೆ ಏರುತ್ತದೆ ಇಲ್ಲವೇ ಬರೀ ಖಾಲಿ ಬರುತ್ತದೆ. ದಾಖಲೆಯಲ್ಲಿ ದೋಷವಿರುವುದಿಲ್ಲ, ಫಿಲ್ಟರ್‌ನ ಗುಣಾಂಕಗಳನ್ನೆಲ್ಲ ಒಂದೇ ಬಹುಪದವಾಗಿ ಬರೆದಾಗ ಕೊನೆಯ ದಶಮಾಂಶಗಳ ಸಣ್ಣ ತಪ್ಪೇ ಫಿಲ್ಟರ್ ಅನ್ನು ಕೆಡಿಸುತ್ತದೆ. ಸೈಪೈನಲ್ಲಿ ಎಸ್‌ಒಎಸ್ ರೂಪ (ಫಿಲ್ಟರ್ ಅನ್ನು ಸಣ್ಣ ಸಣ್ಣ ಭಾಗಗಳ ಸರಣಿಯಾಗಿ ಬರೆಯುವುದು) ಆರಿಸಿ, ಅಥವಾ ಮೊದಲು ಸ್ಯಾಂಪಲ್ ದರವನ್ನು ಸೆಕೆಂಡಿಗೆ 1ಕ್ಕೆ ಇಳಿಸಿ.

ಸ್ಪೆಕ್ಟ್ರಮ್ ಓದುವಾಗ ತುಣುಕಿನ ಉದ್ದ ನೆನಪಿರಲಿ. 10 ಸೆಕೆಂಡಿನ ತುಣುಕು 0.1 ಹರ್ಟ್ಸ್‌ಗಿಂತ ಹತ್ತಿರದ ಎರಡು ಆವೃತ್ತಿಗಳನ್ನು ಬೇರ್ಪಡಿಸಲಾರದು. ಕೊನೆಗೆ ಸೊನ್ನೆಗಳನ್ನು ಜೋಡಿಸಿ ಉದ್ದ ಮಾಡಿದರೆ ಗೆರೆ ನಯವಾಗುತ್ತದೆಯೇ ಹೊರತು ಹೊಸ ಮಾಹಿತಿ ಬರುವುದಿಲ್ಲ. ಪಿ ನಂತರ ನಿಧಾನವಾಗಿ ಬರುವ ಎಸ್ ಅಲೆಯ 4 ಸೆಕೆಂಡಿನ ತುಣುಕಿನಲ್ಲಿ ಕನಿಷ್ಠ ಎರಡು ಮೂರು ಸುತ್ತು ಹಿಡಿಯುವ ಆವೃತ್ತಿಯಿಂದ, ಅಂದರೆ 0.5 ಅಥವಾ 0.75 ಹರ್ಟ್ಸ್‌ನಿಂದ ಮೇಲಷ್ಟೇ ಮಾತಾಡಿ.

ಕೊನೆಯದಾಗಿ ದೂರದ ಲೆಕ್ಕ, ಏಕೆಂದರೆ ನಿಮ್ಮ 0.3 ಸೆಕೆಂಡ್‌ನ ಬೆಲೆ ಗೊತ್ತಾಗುವುದು ಅಲ್ಲೇ. ಪಿ ವೇಗ 6 ಕಿ.ಮೀ., ಎಸ್ ವೇಗ 3.46 ಕಿ.ಮೀ. ಎಂದಿಟ್ಟರೆ, ಎರಡು ಅಲೆಗಳ ನಡುವಿನ ಪ್ರತಿ ಸೆಕೆಂಡಿಗೂ ಭೂಕಂಪದ ಕೇಂದ್ರ 8.2 ಕಿ.ಮೀ. ದೂರ. ಅಂತರ 5.5 ಸೆಕೆಂಡ್ ಆದರೆ 45 ಕಿ.ಮೀ.; ಪಿ ಅಲೆಯನ್ನು 0.3 ಸೆಕೆಂಡ್ ಮುಂಚೆ ಗುರುತಿಸಿದರೆ ಸುಮಾರು 47.5 ಕಿ.ಮೀ. ಎಸ್ ಅಲೆಯನ್ನು ಅಡ್ಡ ದಿಕ್ಕಿನ ಎರಡು ಘಟಕಗಳಲ್ಲೇ ಹುಡುಕಿ. ಲಂಬ ಘಟಕದಲ್ಲಿ ಎಸ್‌ಗಿಂತ ಸ್ವಲ್ಪ ಮುಂಚೆ ಇನ್ನೊಂದು ಅಲೆ ಕಾಣಬಹುದು: ಕೆಳಗಿನ ಪದರದ ಗಡಿಯಲ್ಲಿ ಎಸ್‌ನ ಒಂದು ಪಾಲು ಪಿ ಆಗಿ ಬದಲಾಗಿ, ಉಳಿದ ದಾರಿಯನ್ನು ಬೇಗ ಮುಗಿಸಿ ಬಂದಿರುತ್ತದೆ. ಕಲಿಯುವವರು ಅದನ್ನೇ ಎಸ್ ಎಂದು ಗುರುತಿಸುವುದು ಬಹಳ. ಎಸ್ ಗುರುತಿಗೆ 0.1 ಸೆಕೆಂಡ್ ಖಚಿತತೆ ಸಿಕ್ಕರೆ ತೃಪ್ತಿಪಡಿ, ಪಿ ಗುರುತಿಗೆ ಒಳ್ಳೆಯ ದಾಖಲೆಯಲ್ಲಿ 0.02 ಸೆಕೆಂಡ್ ನಿರೀಕ್ಷಿಸಬಹುದು. ಪ್ರತಿ ಗುರುತಿನ ಪಕ್ಕದಲ್ಲಿ ಈ ಖಚಿತತೆಯನ್ನೂ, ಯಾವ ಫಿಲ್ಟರ್, ಎಷ್ಟು ಪೋಲ್, ಯಾವ ಅಂಚುಗಳು, ಒಮ್ಮುಖವೋ ಇಮ್ಮುಖವೋ ಎಂಬುದನ್ನೂ ಬರೆದಿಡಿ. ನಿಮ್ಮದೂ ಸಹಪಾಠಿಯದೂ ಯಾಕೆ ಹೊಂದಲಿಲ್ಲ ಎಂದು ಆ ಒಂದು ಸಾಲು ನೋಡಿದರೆ ತಿಳಿಯುತ್ತದೆ.